ಚಾಕೊಲೇಟ್ ಹೊದಿಕೆಯ ಮೊಹರು ಮತ್ತು ಕೋಕೋ ಬೆಳೆಗಾರನ ದರ

ತಿಪಟೂರಿನ ಮಾರುಕಟ್ಟೆಗೆ ಉಂಡೆ ಕೊಬ್ಬರಿ ತರುವ ರೈತನಿಗೆ ಬೆಂಬಲ ಬೆಲೆ ಎಂದರೇನು, ಹರಾಜಿನಲ್ಲಿ ದರ ಹೇಗೆ ಕುಸಿಯುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಊರಿಗೆ ಮರಳುವಾಗ ಆತ ಮಕ್ಕಳಿಗೆಂದು ಕೊಳ್ಳುವ ಚಾಕೊಲೇಟಿನ ಹಿಂದೆಯೂ ಒಬ್ಬ ಬೆಳೆಗಾರನಿದ್ದಾನೆ. ಅವನ ಪಾಡು ಜಾಹೀರಾತಿಗೆ ಬಂದದ್ದು ಮಾತ್ರ ಬಹಳ ತಡವಾಗಿ.

ವಿವಾದವೇನೋ ಹಳೆಯದು. ಕಳೆದ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕ್ಯಾಡ್ಬರಿ ಕಂಪನಿಯು ಪೋರ್ಚುಗೀಸರ ವಶದಲ್ಲಿದ್ದ ಸಾವೊ ಟೋಮೆ ದ್ವೀಪದ ಕೋಕೋ ಕೊಳ್ಳುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರು ಅಂಗೋಲಾದಿಂದ ತಂದ, ಹೆಸರಿಗೆ ಕರಾರಿನ, ವಾಸ್ತವದಲ್ಲಿ ಜೀತದ ಆಳುಗಳು. ಕಂಪನಿ 1909ರಲ್ಲಿ ಖರೀದಿ ನಿಲ್ಲಿಸಿತು. ಎಲ್ಲ ಗೊತ್ತಿದ್ದೂ ವರ್ಷಗಟ್ಟಲೆ ಕೊಂಡಿತೆಂದು ಚುಚ್ಚಿದ ‘ಸ್ಟ್ಯಾಂಡರ್ಡ್’ ಪತ್ರಿಕೆಯ ಮೇಲೆ ಹೂಡಿದ್ದ ಮಾನನಷ್ಟ ಮೊಕದ್ದಮೆಯನ್ನು ಅದೇ ವರ್ಷ ಗೆದ್ದಿತಾದರೂ, ದೊರೆತ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಗೆಲುವಿನ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ಕಟ್ಟಲಾಗದು.

ಕನಿಷ್ಠ ಬೆಲೆ ಮತ್ತು ಅದರ ಮೇಲೊಂದಿಷ್ಟು ಹೆಚ್ಚುವರಿ ಹಣದ ಭರವಸೆ ನೀಡುವ ಫೇರ್‌ಟ್ರೇಡ್ ಮೊಹರು ಬ್ರಿಟನ್ನಿನ ಚಾಕೊಲೇಟಿಗೆ ಮೊದಲು ಬಿದ್ದದ್ದು 1994ರಲ್ಲಿ. ಪಶ್ಚಿಮ ಆಫ್ರಿಕದ ಕೋಕೋ ತೋಟಗಳಲ್ಲಿನ ಬಾಲಕಾರ್ಮಿಕ ಪದ್ಧತಿಯ ಅತಿ ಕ್ರೂರ ರೂಪಗಳನ್ನು ತೊಡೆಯುವುದಾಗಿ 2001ರಲ್ಲಿ ಉದ್ಯಮವು ಹಾರ್ಕಿನ್–ಎಂಗೆಲ್ ಒಪ್ಪಂದಕ್ಕೆ ಸಹಿ ಹಾಕಿತು. 2005ರ ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. ಐವರಿ ಕೋಸ್ಟ್ ಮತ್ತು ಘಾನಾಗಳ ಕೋಕೋ ದುಡಿಮೆಯಲ್ಲಿ ಸುಮಾರು 15.6 ಲಕ್ಷ ಮಕ್ಕಳಿದ್ದಾರೆಂದು 2020ರ ವರದಿಯೊಂದು ಅಂದಾಜಿಸಿತು. ಈ ನಡುವೆ 2009ರಲ್ಲಿ ಬ್ರಿಟನ್ನಿನಲ್ಲಿ ಕ್ಯಾಡ್ಬರಿಯ ಡೈರಿ ಮಿಲ್ಕ್ ಹೊದಿಕೆಯ ಮುಂಭಾಗಕ್ಕೆ ಬಂದ ಫೇರ್‌ಟ್ರೇಡ್ ಮೊಹರು, 2016ರಲ್ಲಿ ಕಂಪನಿ ತನ್ನದೇ ‘ಕೋಕೋ ಲೈಫ್’ ಯೋಜನೆಯತ್ತ ಹೊರಳಿದಾಗ ಹಿಂಬದಿಗೆ ಸರಿಯಿತು. ಹೊರಗಿನವರ ತಪಾಸಣೆಯ ಗುರುತಿದ್ದ ಜಾಗದಲ್ಲಿ ಮಾರುವವನ ಮಾತೇ ನಿಂತಿತೆಂಬುದು ಈ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವ ತಿರುವು.

ಭಾರತದ ಜಾಹೀರಾತುಗಳಿಗೆ ಆ ಮಾತೂ ಬೇಕಾಗಲಿಲ್ಲ. ತೊಂಬತ್ತರ ದಶಕದ ಕ್ಯಾಡ್ಬರಿ ಜಾಹೀರಾತಿನಲ್ಲಿ ಕ್ರಿಕೆಟ್ ಮೈದಾನಕ್ಕೆ ನುಗ್ಗಿ ಕುಣಿದ ಹುಡುಗಿಯಿಂದ ಹಿಡಿದು ಹಬ್ಬದ ಡಬ್ಬಿಗಳವರೆಗೆ ತುಮಕೂರಿನ ಮನೆಗಳು ಟಿ.ವಿ.ಯಲ್ಲಿ ಕಂಡದ್ದು ಸಂಭ್ರಮವನ್ನೇ. ಪುತ್ತೂರಿನಲ್ಲಿ 1986ರಿಂದ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯಿದ್ದೂ, ಕೋಕೋ ನಮ್ಮ ತೆಂಗು ಅಡಿಕೆಯ ನೆರಳಲ್ಲೇ ಬೆಳೆಯುವ ಗಿಡವೆಂಬುದು ತೆರೆಯ ಮೇಲೆ ಬಂದದ್ದು ಅಪರೂಪ.

2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಕೋಕೋ ಟನ್ನಿಗೆ 12,000 ಡಾಲರ್ ದಾಟಿತು. ಫಸಲನ್ನು ಮುಂಗಡವಾಗಿಯೇ ಮಾರುವ ಐವರಿ ಕೋಸ್ಟ್ ಸರ್ಕಾರ ಆ ಹಂಗಾಮಿಗೆ ಗೊತ್ತುಮಾಡಿದ್ದ ದರ ಕಿಲೋಗೆ 1,800 ಸಿಎಫ್‌ಎ ಫ್ರಾಂಕ್, ಅಂದರೆ ಟನ್ನಿಗೆ ಸುಮಾರು 3,000 ಡಾಲರ್. ತಿಪಟೂರಿನಲ್ಲಿ ಸರ್ಕಾರದ ದರ ಕೆಳಗಿನ ಮಿತಿ, ಪೇಟೆ ಏರಿದರೆ ಲಾಭ ರೈತನದು; ಅಲ್ಲಿ ಆ ವರ್ಷ ಅದೇ ಮೇಲಿನ ಮಿತಿಯೂ ಆಗಿತ್ತು.