ಕೋಡ್ ಸರಿ ಇದ್ದರೂ ಎರರ್ ಯಾಕೆ? ಪ್ರೀಕಂಪೈಲ್ಡ್ ಹೆಡರ್ ನಡೆದು ಬಂದ ದಾರಿ

ಹುಬ್ಬಳ್ಳಿಯ ವಿದ್ಯಾನಗರದ ಆಸುಪಾಸಿನಲ್ಲಿ ಸಿ++ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಹುಡುಗ ಹುಡುಗಿಯರಿಂದ ನನ್ನ ಕಿವಿಗೆ ಜಾಸ್ತಿ ಬೀಳುವ ಮಾತು ಇದು: “ಸರ್, ಕೋಡ್ ಎಲ್ಲಾ ಕರೆಕ್ಟ್ ಐತ್ರೀ. ಆದ್ರೂ ಎರರ್ ಬರಾಕತ್ತೈತಿ.” ಸ್ಕ್ರೀನ್ ನೋಡಿದರೆ ಅಲ್ಲಿ ಸಿ1010 ಎಂಬ ನಂಬರ್ ಇರುತ್ತದೆ. ಪ್ರೀಕಂಪೈಲ್ಡ್ ಹೆಡರ್ ಹುಡುಕುತ್ತಾ ಹೋದೆ, ಅಷ್ಟರಲ್ಲಿ ಫೈಲೇ ಮುಗಿದುಹೋಯಿತು ಅಂತ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಹೇಳುತ್ತಿರುತ್ತದೆ. ಹುಡುಗರ ಮಾತು ನಿಜ. ಕೋಡ್ ಸರಿಯಾಗೇ ಇರುತ್ತದೆ. ತಪ್ಪಿರುವುದು ಆ ಕೋಡ್ ಕಂಪೈಲ್ ಆಗುವ ಏರ್ಪಾಡಿನಲ್ಲಿ. ಆದರೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಅವರು ಸರಿ ಇರುವ ಕೋಡನ್ನೇ ತಿದ್ದುತ್ತಾ ಕೂರುತ್ತಾರೆ.

ಇದರ ಬೇರು 1970ರ ದಶಕದಲ್ಲಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು ಕಟ್ಟುತ್ತಿದ್ದಾಗ, 1972–73ರ ಹೊತ್ತಿಗೆ ಅದಕ್ಕೆ, ಕಂಪೈಲ್‌ಗೆ ಮೊದಲು ಕೋಡನ್ನು ಸಜ್ಜು ಮಾಡುವ ಪ್ರೀಪ್ರೊಸೆಸರ್ ಸೇರಿತು. ಶುರುವಿನಲ್ಲಿ ಅದಕ್ಕೆ ಬರುತ್ತಿದ್ದದ್ದು ಎರಡೇ ಕೆಲಸ: ಇನ್‌ಕ್ಲೂಡ್ ಮತ್ತು ಸರಳವಾದ ಡಿಫೈನ್ (ಒಂದು ಹೆಸರಿನ ಜಾಗದಲ್ಲಿ ಬೇರೆ ಬರಹ ಹಾಕುವುದು). ಇನ್‌ಕ್ಲೂಡ್ ಮಾಡುವುದು ಇಷ್ಟೇ: ಹೇಳಿದ ಫೈಲನ್ನು ತೆರೆದು, ಅದರಲ್ಲಿರುವುದನ್ನೆಲ್ಲ ಇದ್ದ ಹಾಗೇ ತಂದು ಆ ಜಾಗದಲ್ಲಿ ಸುರಿಯುತ್ತದೆ. ಅದರಲ್ಲಿ ಏನಿದೆ, ಹಿಂದಿನ ಫೈಲಿಗೂ ಇದನ್ನೇ ತಂದಿದ್ದೆನಾ ಎಂದು ಅದು ನೋಡುವುದಿಲ್ಲ. ಹೀಗೆ ತಂದು ಸುರಿಯುವ ಫೈಲುಗಳೇ ಹೆಡರ್‌ಗಳು. ಆಗ ಅವು ಚಿಕ್ಕವಿದ್ದವು, ನಡೆಯಿತು.

1979ರಲ್ಲಿ ಅದೇ ಬೆಲ್ ಲ್ಯಾಬ್ಸ್‌ನಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ಸಿ++ ಆಗಿ ಬೆಳೆದ ಕೆಲಸವನ್ನು ಶುರು ಮಾಡಿದರು. 1985ರಲ್ಲಿ ಅದು ಮಾರುಕಟ್ಟೆಗೆ ಬಂತು. ಇನ್‌ಕ್ಲೂಡ್ ಪದ್ಧತಿ ಹಾಗೇ ಉಳಿಯಿತು. ಆಮೇಲೆ ಬೇರೆ ಬೇರೆ ಬಗೆಯ ಡೇಟಾಗೆ ಒಂದೇ ಕೋಡ್ ಬಳಸುವ ಟೆಂಪ್ಲೇಟ್‌ಗಳು ಬಂದವು. ಟೆಂಪ್ಲೇಟ್‌ನ ಕೋಡ್ ಸಾಮಾನ್ಯವಾಗಿ ಹೆಡರ್‌ನಲ್ಲೇ ಇರಬೇಕು, ಹಾಗಾಗಿ ಹೆಡರ್‌ಗಳು ಉಬ್ಬುತ್ತಾ ಹೋದವು. ಎಷ್ಟು ಉಬ್ಬಿವೆ ಅಂತ ನೀವೇ ನೋಡಬಹುದು. ಸ್ಕ್ರೀನಿಗೆ ಬರೆಯಲು ಬೇಕಾದ ಐಒಸ್ಟ್ರೀಮ್ ಹೆಡರ್ ಒಂದನ್ನೇ ಸೇರಿಸಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆಯಿರಿ. ಲಿನಕ್ಸ್‌ನಲ್ಲಿ ಜಿ++ ಕಂಪೈಲರ್‌ಗೆ ಮೈನಸ್ ಹಾಕಿ ದೊಡ್ಡ ‘ಇ’ ಅಕ್ಷರದ ಆಯ್ಕೆ ಕೊಟ್ಟು ಓಡಿಸಿ. ಸ್ಕ್ರೀನ್ ಮೇಲೆ ಹತ್ತಾರು ಸಾವಿರ ಸಾಲು ಹರಿದುಹೋಗುತ್ತವೆ. ನಿಮ್ಮ ನಾಲ್ಕು ಸಾಲು ಕಾಣಿಸುವುದು ಕಟ್ಟಕಡೆಗೆ. ಪ್ರಾಜೆಕ್ಟ್‌ನಲ್ಲಿ ಇಂಥ 100 ಫೈಲ್ ಇದ್ದರೆ ಕಂಪೈಲರ್ ಆ ಪುರಾಣವನ್ನೆಲ್ಲ 100 ಸಲ ಮೊದಲಿನಿಂದ ಓದಬೇಕು.

ಸಂಜೆ ಗಿರ್ಮಿಟ್ ಅಂಗಡಿಯವರು ಏನು ಮಾಡುತ್ತಾರೆ ನೋಡಿ. ಗಿರಾಕಿ ಬಂದ ಮೇಲೆ ಈರುಳ್ಳಿ ಹೆಚ್ಚಿ, ಒಗ್ಗರಣೆ ಹಾಕಿ, ಹುಣಸೆಹಣ್ಣು ಕಿವುಚುತ್ತಾ ಕೂರುವುದಿಲ್ಲ. ಗೊಜ್ಜು ಮೊದಲೇ ತಯಾರಿರುತ್ತದೆ. ಆರ್ಡರ್ ಬಂದಾಗ ಚುರುಮುರಿಗೆ ಕಲಸಿ ಕೊಡುತ್ತಾರೆ. ಪ್ರೀಕಂಪೈಲ್ಡ್ ಹೆಡರ್ ಅಂದರೆ ಆ ಗೊಜ್ಜು. ಎಲ್ಲ ಫೈಲಿಗೂ ಬೇಕಾದ, ಪದೇ ಪದೇ ಬದಲಾಗದ ಹೆಡರ್‌ಗಳನ್ನು ಕಂಪೈಲರ್ ಒಮ್ಮೆ ಓದಿ, ಅರ್ಥ ಮಾಡಿಕೊಂಡದ್ದನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಫೈಲುಗಳಿಗೆ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ.

ನಿಧಾನದ ಪ್ರೊಸೆಸರ್, ಕೆಲವೇ ಎಂಬಿ ಮೆಮೊರಿ ಇದ್ದ 1990ರ ದಶಕದ ಪಿಸಿಗಳಿಗೆ ಇದು ದೊಡ್ಡ ಉಪಕಾರವಾಗಿತ್ತು. ಬೋರ್ಲ್ಯಾಂಡ್ ಕಂಪನಿಯ ಕಂಪೈಲರ್‌ಗಳಲ್ಲಿ ಈ ಸೌಲಭ್ಯ ಆಗಲೇ ಬಂದಿತ್ತು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ತೀರಾ ಈಚಿನವರೆಗೂ ನೀಲಿ ಪರದೆಯ ಟರ್ಬೊ ಸಿ++ ಓಡುತ್ತಿತ್ತು ಅಲ್ವಾ? ಅದರ ಬಿನ್ ಫೋಲ್ಡರ್‌ನಲ್ಲಿ ಟಿಸಿಡೆಫ್.ಸಿಮ್ ಎಂಬ ಫೈಲನ್ನು ಹಲವರು ನೋಡಿರಬಹುದು. ಅದೇ ಅದರ ಪ್ರೀಕಂಪೈಲ್ಡ್ ಹೆಡರ್ ಇರುವ ಫೈಲ್.

ಮೈಕ್ರೋಸಾಫ್ಟ್ 1992ರಲ್ಲಿ ಸಿ/ಸಿ++ 7.0 ಕಂಪೈಲರ್ ಜೊತೆಗೆ, ವಿಂಡೋಸ್ ಪ್ರೋಗ್ರಾಂ ಬರೆಯಲು ಎಂಎಫ್‌ಸಿ ಎಂಬ ಲೈಬ್ರರಿಯನ್ನು ಹೊರತಂದಿತು. ಅದನ್ನು ಕಟ್ಟಿದ ತಂಡ ತನ್ನನ್ನು ಎಎಫ್‌ಎಕ್ಸ್ ಎಂದು ಕರೆದುಕೊಂಡಿತ್ತು. ಆ ಹೆಸರೇ ಎಸ್‌ಟಿಡಿಎಎಫ್‌ಎಕ್ಸ್.ಎಚ್ ಎಂಬ ಹೆಡರ್‌ನಲ್ಲಿ ಉಳಿದುಕೊಂಡಿತು. ವಿಂಡೋಸ್‌ನ ಭಾರೀ ಹೆಡರ್‌ಗಳನ್ನೆಲ್ಲ ಅದರೊಳಗೆ ಸೇರಿಸಿ, ಪ್ರತಿ ಫೈಲಿನ ತಲೆಯ ಮೇಲೆ ಅದನ್ನು ಇನ್‌ಕ್ಲೂಡ್ ಮಾಡುವುದು ರೂಢಿಯಾಯಿತು. ಕೋಡ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ವಿಶುವಲ್ ಸ್ಟುಡಿಯೋದಲ್ಲಿ ಹೊಸ ಕನ್ಸೋಲ್ ಪ್ರಾಜೆಕ್ಟ್ ತೆರೆದರೂ ಅದು ಕೇಳದೆಯೇ ಬಂದು ಕೂರುತ್ತಿತ್ತು. ದೊಡ್ಡ ಸಾಫ್ಟ್‌ವೇರ್ ಬರೆಯುವವರಿಗೆ ಇದು ಬೇಕೇ ಬೇಕು, ನಾನು ಒಪ್ಪುತ್ತೇನೆ. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬರೆಯುವ ಹೊಸಬರಿಗೆ ಮೊದಲ ದಿನವೇ ಇದನ್ನು ಹೊರಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಇಂದಿನ ಗೊಂದಲದಲ್ಲಿ ಬಹುಪಾಲು ಅಲ್ಲಿಂದಲೇ ಶುರುವಾಯಿತು.

ಹೆಸರಿನ ಗೊಂದಲವನ್ನೇ ನೋಡಿ. ವಿಶುವಲ್ ಸ್ಟುಡಿಯೋ 2019ರ ಹೊತ್ತಿಗೆ ಆ ಫೈಲಿನ ಹೆಸರು ಪಿಸಿಎಚ್.ಎಚ್ ಎಂದಾಯಿತು (ಪಿಸಿಎಚ್ ಅಂದರೆ ಪ್ರೀಕಂಪೈಲ್ಡ್ ಹೆಡರ್). ಹಳೆಯ ಯೂಟ್ಯೂಬ್ ಪಾಠ ನೋಡಿ ಹಳೆಯ ಹೆಸರು ಬರೆದವರಿಗೆ ಅದೇ ಸಿ1010 ಬರುತ್ತದೆ; ಪ್ರೀಕಂಪೈಲ್ಡ್ ಹೆಡರ್ ಬಳಸದ ಪ್ರಾಜೆಕ್ಟ್ ಆದರೆ ಸಿ1083 ಬರುತ್ತದೆ, ಅಂದರೆ ಅಂಥ ಫೈಲೇ ಸಿಗಲಿಲ್ಲ ಅಂತ. ಆ ಸಾಲಿನಲ್ಲಿ ಪ್ರಾಜೆಕ್ಟ್‌ನಲ್ಲಿ ನಿಜವಾಗಿ ಇರುವ ಹೆಸರನ್ನು ಬರೆದರೆ ಮುಗಿಯಿತು. ಪ್ರಾಜೆಕ್ಟ್ ಖಾಲಿಯಾಗಿ ಶುರು ಮಾಡಿದ್ದರೆ ಆ ಸಾಲೇ ಬೇಡ.

ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು. ಮೇಲೆ ಐಒಸ್ಟ್ರೀಮ್, ಅದರ ಕೆಳಗೆ ಪಿಸಿಎಚ್.ಎಚ್ ಬರೆದಿದ್ದೀರಿ ಅಂದುಕೊಳ್ಳಿ. ಪ್ರೀಕಂಪೈಲ್ಡ್ ಹೆಡರ್ ಬಳಸು ಎಂಬ ಸೆಟ್ಟಿಂಗ್ ಇದ್ದಾಗ ಮೈಕ್ರೋಸಾಫ್ಟ್ ಕಂಪೈಲರ್ ಆ ಪಿಸಿಎಚ್ ಸಾಲಿನ ಮೇಲೆ ಇರುವುದನ್ನೆಲ್ಲ ಬಿಟ್ಟುಬಿಡುತ್ತದೆ. ಐಒಸ್ಟ್ರೀಮ್ ಕಣ್ಣೆದುರೇ ಇದೆ, ಆದರೂ ಅದರಲ್ಲಿರುವ, ಸ್ಕ್ರೀನಿಗೆ ಬರೆಯುವ ಸಿಔಟ್ ಯಾರು ಅಂತ ಗೊತ್ತಿಲ್ಲ ಎನ್ನುತ್ತದೆ, ಸಿ2065 ಕೊಡುತ್ತದೆ. ಕಾರಣ ಹೇಳುವ ಸಿ4627 ಬರೀ ವಾರ್ನಿಂಗ್. ಕೆಂಪು ಎರರ್‌ಗಳ ಗದ್ದಲದಲ್ಲಿ ಅದನ್ನು ಯಾರು ಓದುತ್ತಾರೆ? ಸಾಲುಗಳನ್ನು ಅದಲು ಬದಲು ಮಾಡಿ, ಪಿಸಿಎಚ್.ಎಚ್ ಎಲ್ಲಕ್ಕಿಂತ ಮೇಲೆ ಬರಲಿ. ಅಷ್ಟೇ ಸಾಕು. ಶುರುವಿನಲ್ಲಿ ಹೇಳಿದ ಸಿ1010ಕ್ಕೂ ಇದೇ ಮದ್ದು, ಅಲ್ಲಿ ಆ ಸಾಲೇ ಇರುವುದಿಲ್ಲ.

ಫೈನಲ್ ಇಯರ್ ಪ್ರಾಜೆಕ್ಟ್‌ನವರಿಗೆ ಕಾಡುವುದು ಸಿ1853. ಡೇಟಾಬೇಸ್ ಬೇಕು ಅಂತ ಎಸ್‌ಕ್ಯೂಲೈಟ್‌ನ ಸಿ ಫೈಲನ್ನು ಸಿ++ ಪ್ರಾಜೆಕ್ಟ್‌ಗೆ ಸೇರಿಸುತ್ತಾರೆ. ಎರರ್ ಬಂತೆಂದು ಅದರ ತಲೆಗೂ ಪಿಸಿಎಚ್ ಸಾಲು ಅಂಟಿಸುತ್ತಾರೆ. ಸಿ++ಗಾಗಿ ಮಾಡಿಟ್ಟ ಪ್ರೀಕಂಪೈಲ್ಡ್ ಹೆಡರ್ ಸಿ ಫೈಲಿಗೆ ಆಗಿಬರುವುದಿಲ್ಲ. ಆ ಒಂದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಸಿ/ಸಿ++ ಕೆಳಗಿನ ಪ್ರೀಕಂಪೈಲ್ಡ್ ಹೆಡರ್ಸ್‌ನಲ್ಲಿ ‘ನಾಟ್ ಯೂಸಿಂಗ್’ ಆರಿಸಬೇಕು. ಬೇರೆಯವರು ಬರೆದ ಫೈಲನ್ನು ಮುಟ್ಟಬೇಡಿ.

ಸಿ1853 ಬರುವ ಇನ್ನೊಂದು ದಾರಿ ಪೆನ್‌ಡ್ರೈವ್. ಲ್ಯಾಬಿನ ಪಿಸಿಯಲ್ಲಿ ಮಾಡಿದ್ದನ್ನು ಫೋಲ್ಡರ್ ಸಮೇತ ಎತ್ತಿಕೊಂಡು ಗದಗಿನ ಮನೆಗೋ ಧಾರವಾಡದ ರೂಮಿಗೋ ಒಯ್ಯುತ್ತಾರೆ. ಅಲ್ಲಿಯ ಲ್ಯಾಪ್‌ಟಾಪಿನಲ್ಲಿ ಕಂಪೈಲರ್ ಬೇರೆ ವರ್ಷನ್. ಡಿಬಗ್ ಫೋಲ್ಡರ್‌ನಲ್ಲಿ ಹಳೆಯ ಪಿಸಿಎಚ್ ಫೈಲ್ ಹಾಗೇ ಇರುತ್ತದೆ. ಅದು ಸೋರ್ಸ್ ಕೋಡ್ ಅಲ್ಲ, ಒಂದು ಕಂಪೈಲರ್ ತನಗಾಗಿ ಬರೆದಿಟ್ಟುಕೊಂಡದ್ದು. ಬೇರೆ ಕಂಪೈಲರ್‌ಗೆ ಅದು ಬೇಡ. ಡಿಬಗ್, ರಿಲೀಸ್, ಐಪಿಸಿಎಚ್ ಫೋಲ್ಡರ್‌ಗಳನ್ನು ಅಳಿಸಿ ರೀಬಿಲ್ಡ್ ಮಾಡಿ. ಒಯ್ಯುವಾಗಲೇ ಬಿಟ್ಟುಹೋದರೆ ಇನ್ನೂ ಒಳ್ಳೆಯದು, ಕಾಪಿ ಆಗುವ ಹೊತ್ತೂ ಉಳಿಯುತ್ತದೆ.

ಲಿನಕ್ಸ್ ಕಡೆ ಕಥೆ ಸ್ವಲ್ಪ ತಡವಾಗಿ ಶುರುವಾಯಿತು. ಜಿ++ ಸೇರಿರುವ ಜಿಸಿಸಿ ಎಂಬ ಕಂಪೈಲರ್ ಗುಂಪಿಗೆ ಈ ಸೌಲಭ್ಯ ಬಂದದ್ದು 2004ರಲ್ಲಿ, 3.4 ಆವೃತ್ತಿಯಲ್ಲಿ. ಅದು ಹೆಡರ್ ಪಕ್ಕದಲ್ಲೇ ಜಿಸಿಎಚ್ ಎಂಬ ಬಾಲದ ಫೈಲ್ ಮಾಡಿಡುತ್ತದೆ. ಅದನ್ನು ಬಳಸಲು ಷರತ್ತುಗಳು ಬಿಗಿ: ಅದೇ ಕಂಪೈಲರ್, ಅದೇ ಭಾಷೆ, ಹೊಂದುವ ಆಯ್ಕೆಗಳು. ಒಂದು ಕಂಪೈಲ್‌ಗೆ ಒಂದೇ ಜಿಸಿಎಚ್. ಅದರ ಇನ್‌ಕ್ಲೂಡ್‌ಗಿಂತ ಮೊದಲು ಕೋಡ್‌ನ ಒಂದು ಪದವೂ ಬರಬಾರದು. ಷರತ್ತು ತಪ್ಪಿದರೆ ಮೈಕ್ರೋಸಾಫ್ಟ್ ಕಂಪೈಲರ್ ಹಾಗೆ ಅದು ಕೂಗಾಡುವುದಿಲ್ಲ. ಸುಮ್ನೆ ಜಿಸಿಎಚ್ ಬದಿಗಿಟ್ಟು ಮೂಲ ಹೆಡರ್ ಓದುತ್ತದೆ. ಪ್ರೋಗ್ರಾಂ ಓಡುತ್ತದೆ, ವೇಗ ಮಾತ್ರ ಹೋಗುತ್ತದೆ.

ಕೋಡ್‌ಚೆಫ್, ಕೋಡ್‌ಫೋರ್ಸಸ್‌ನಲ್ಲಿ ಸ್ಪರ್ಧೆ ಮಾಡುವವರಿಗೆ ಇದು ನೇರವಾಗಿ ಸಂಬಂಧಪಟ್ಟ ವಿಷಯ. ಅವರೆಲ್ಲ ದಿನಾ ಬಳಸುವ ಬಿಟ್ಸ್/ಎಸ್‌ಟಿಡಿಸಿ++.ಎಚ್ ಇದೆಯಲ್ಲ, ಅದು ಹುಟ್ಟಿದ್ದೇ ಪ್ರೀಕಂಪೈಲ್ಡ್ ಹೆಡರ್‌ಗಾಗಿ. ಫೈಲ್ ತೆರೆದರೆ ಮೇಲಿನ ಟಿಪ್ಪಣಿಯಲ್ಲೇ ಹಾಗಂತ ಬರೆದಿದೆ. ಅದನ್ನು ಒಮ್ಮೆ ಕಂಪೈಲ್ ಮಾಡಿ ಜಿಸಿಎಚ್ ಇಟ್ಟುಕೊಂಡರೆ ಕಾಯುವ ಹೊತ್ತು ಚೆನ್ನಾಗಿ ಕಡಿಮೆಯಾಗುತ್ತದೆ. ಆದರೆ ಭಾಷೆಯ ಆವೃತ್ತಿ ಸಿ++17 ಎಂದು ಮಾಡಿಟ್ಟದ್ದು ಸಿ++20 ಕೊಟ್ಟಾಗ ಉಪಯೋಗಕ್ಕೆ ಬರುವುದಿಲ್ಲ. ಉಬುಂಟು ಅಪ್‌ಡೇಟ್‌ನಲ್ಲಿ ಜಿಸಿಸಿ ಬದಲಾದರೂ ಅಷ್ಟೇ. ಜಿ++ಗೆ ಮೈನಸ್ ಹಾಕಿ ದೊಡ್ಡ ‘ಎಚ್’ ಅಕ್ಷರದ ಆಯ್ಕೆ ಕೊಡಿ. ಜಿಸಿಎಚ್ ಸಾಲಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಬಂದರೆ ಅದು ಬಳಕೆಯಾಯಿತು, ಎಕ್ಸ್ ಬಂದರೆ ತಳ್ಳಿಹಾಕಿತು ಎಂದರ್ಥ. ತಳ್ಳಿದ ಕಾರಣ ಬೇಕಿದ್ದರೆ ಇನ್‌ವ್ಯಾಲಿಡ್ ಪಿಸಿಎಚ್ ವಾರ್ನಿಂಗ್ ಆನ್ ಮಾಡಬೇಕು.

ಜಿಸಿಸಿಯಲ್ಲಿ ಜಾಗ್ರತೆಯಾಗಿರಬೇಕಾದ ಒಂದು ಜಾಗ ಇದೆ. ನಿಮ್ಮದೇ ಹೆಡರ್‌ಗೆ ಜಿಸಿಎಚ್ ಮಾಡಿಟ್ಟು, ಆಮೇಲೆ ಹೆಡರ್ ತಿದ್ದಿದಿರಿ. ಜಿಸಿಸಿ ತಾರೀಖು ನೋಡುವುದಿಲ್ಲ. ಹಳೆಯ ಜಿಸಿಎಚ್ ಅನ್ನೇ ಎತ್ತಿಕೊಳ್ಳುತ್ತದೆ. ತಿದ್ದಿದ್ದು ಎಲ್ಲಿ ಹೋಯಿತು ಅಂತ ನೀವು ಹುಡುಕಬೇಕು. ಹೆಡರ್ ಬದಲಾದಾಗ ಜಿಸಿಎಚ್ ಹೊಸದಾಗಿ ಮಾಡುವ ಹೊಣೆ ಬಿಲ್ಡ್ ನಿಯಮಗಳನ್ನು ಬರೆದಿಡುವ ಮೇಕ್‌ಫೈಲ್‌ದು, ಅದರಲ್ಲಿ ಆ ನಿಯಮ ಬರೆದಿರಬೇಕು. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ ಈ ವಿಷಯದಲ್ಲಿ ವಾಸಿ. ಪ್ರೀಕಂಪೈಲ್ಡ್ ಹೆಡರ್ ಮಾಡಿದ ಮೇಲೆ ಫೈಲ್ ಬದಲಾಗಿದೆ ಎಂದು ಎರರ್ ಕೊಟ್ಟು ನಿಲ್ಲಿಸುತ್ತದೆ.

2019ರ ನವೆಂಬರ್‌ನಲ್ಲಿ ಬಂದ, ಬಿಲ್ಡ್ ಏರ್ಪಾಡು ಮಾಡಿಕೊಡುವ ಸಿಮೇಕ್ 3.16 ಈ ಕೆಲಸವನ್ನು ಒಂದೇ ಆದೇಶಕ್ಕೆ ಇಳಿಸಿತು. ಎಲ್ಲ ಫೈಲಿಗೂ ಹೆಡರನ್ನು ತಾನೇ ಸೇರಿಸುತ್ತದೆ. ಅನುಕೂಲ ಹೌದು. ಆದರೆ ಯಾವ ಫೈಲಿಗೆ ಯಾವ ಇನ್‌ಕ್ಲೂಡ್ ಬೇಕು ಎಂಬುದು ಮರೆತೇ ಹೋಗುತ್ತದೆ. ವೆಕ್ಟರ್ ಹೆಡರ್ ಸೇರಿಸದೆ ಕೋಡ್‌ನಲ್ಲಿ ವೆಕ್ಟರ್ ಬಳಸಿದರೂ ನಡೆಯುತ್ತದೆ. ಅದೇ ಫೈಲನ್ನು ಬೇರೆ ಪ್ರಾಜೆಕ್ಟ್‌ಗೆ ಒಯ್ದಾಗ ಒಡೆಯುತ್ತದೆ. ಅದಕ್ಕೇ ವಾರಕ್ಕೊಮ್ಮೆಯಾದರೂ ಪ್ರೀಕಂಪೈಲ್ಡ್ ಹೆಡರ್ ಆಫ್ ಮಾಡಿ ಪೂರ್ತಿ ಬಿಲ್ಡ್ ಮಾಡಿ ನೋಡಿ ಎನ್ನುತ್ತೇನೆ.

ಸಿ++20ರ ಮಾಡ್ಯೂಲ್‌ಗಳು ಬಂದಿರುವುದು ಇದರ ಮೂಲಕ್ಕೇ ಕೈ ಹಾಕಲು. ಅಲ್ಲಿ ಫೈಲನ್ನು ತಂದು ಸುರಿಯುವುದಿಲ್ಲ, ಇಂಪೋರ್ಟ್ ಮಾಡುತ್ತಾರೆ. ಡಿಫೈನ್‌ನಿಂದ ಮಾಡಿದ ಹೆಸರುಗಳು, ಅಂದರೆ ಮ್ಯಾಕ್ರೋಗಳು, ಒಳಗೂ ಹೊರಗೂ ಸೋರುವುದಿಲ್ಲ. ಸಿ++23ರಲ್ಲಿ ಇಡೀ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಒಂದೇ ಸಾಲಿನಲ್ಲಿ ಇಂಪೋರ್ಟ್ ಮಾಡಬಹುದು. ಹಳೆಯ ಕೋಡ್ ಎಲ್ಲ ಅಲ್ಲಿಗೆ ಹೋಗಲು ವರ್ಷಗಳೇ ಬೇಕು. ಮಾಡ್ಯೂಲ್ ಕಂಪೈಲ್ ಆದಾಗ ಹುಟ್ಟುವ ಫೈಲ್ ಕೂಡ ಆ ಕಂಪೈಲರ್‌ಗೆ, ಆ ಆಯ್ಕೆಗಳಿಗೆ ಅಂಟಿಕೊಂಡೇ ಇರುತ್ತದೆ. ಕಂಪೈಲರ್ ಬದಲಿಸಿದ ದಿನ ಅದನ್ನೂ ಅಳಿಸಿ ಮೊದಲಿನಿಂದ ಬಿಲ್ಡ್ ಮಾಡಬೇಕು.