ಎರೆಹೊಲ ಕುಡಿದ ಮಳೆ

ಖಾನಾಪುರದಾಚೆಯ ಕಣಕುಂಬಿಯಲ್ಲಿ ಜುಲೈ ತಿಂಗಳು ಕೊಡೆ ಮಡಚುವಂತಿಲ್ಲ. ಮಲಪ್ರಭೆ ಹುಟ್ಟುವುದು ಅಲ್ಲೇ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಬಸ್ ಹತ್ತಿ ಬೆಳಗಾವಿಗೆ ಬಂದರೆ ಅದು ಅರ್ಧಕ್ಕೂ ಕಡಿಮೆ. ವಿಜಯಪುರ ಮುಟ್ಟುವ ಹೊತ್ತಿಗೆ ಉಳಿಯುವುದು ಸುಮಾರು 600 ಮಿಲಿಮೀಟರ್, ಅದೂ ಒಳ್ಳೆಯ ವರ್ಷವಾದರೆ.

ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿ ಹತ್ತುವಾಗ ತಣ್ಣಗಾಗಿ ಹೊತ್ತ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಈ ಕಡೆ ಇಳಿಯುವಾಗ ಮತ್ತೆ ಬಿಸಿಯಾಗುತ್ತದೆ, ಒಣಗುತ್ತದೆ. ಜುಲೈನಲ್ಲಿ ವಿಜಯಪುರದ ಮೇಲೆ ಮೋಡ ಓಡುವುದನ್ನು ನೋಡಿದವರಿಗೆ ಇದು ಗೊತ್ತು. ಗಾಳಿಯೋ ಗಾಳಿ, ಹನಿ ಮಾತ್ರ ಇಲ್ಲ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತದಲ್ವಾ, ಆ ಕೆಂಪು ನೀರೂ ಗೋಕಾಕದ ಮಳೆಯದಲ್ಲ, ಹೆಚ್ಚಿನದು ಘಟ್ಟದ್ದೇ.

ವಿಜಯಪುರಕ್ಕೆ ಜಾಸ್ತಿ ಮಳೆ ಬರುವುದು ಸೆಪ್ಟೆಂಬರಿನಲ್ಲಿ. ಬಂಗಾಳ ಕೊಲ್ಲಿ ಕಡೆಯ ವಾಯುಭಾರ ಕುಸಿತಗಳು ಆಗ ಕೈ ಹಿಡಿಯುತ್ತವೆ. ಉತ್ತರಿ, ಹಸ್ತ ಮಳೆ ಹಿಡಿದರೆ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಆಕಾಶ ಖಾಲಿ. ಆದರೂ ಜೋಳ ಆಳೆತ್ತರ ಬೆಳೆಯುತ್ತದೆ. ಅದರ ಗುಟ್ಟು ಇರುವುದು ಮಣ್ಣಿನಲ್ಲಿ.

ಇಲ್ಲಿಯ ಎರೆಮಣ್ಣು, ಅಂದರೆ ಕಪ್ಪು ಮಣ್ಣು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ, ಆ ಕಲ್ಲು ಸವೆದು ಆದದ್ದು. ಇದರ ಜೇಡಿಯ ಒಂದೊಂದು ಕಣವೂ ಕಟಕ ರೊಟ್ಟಿ ಒಟ್ಟಿದ ಹಾಗೆ, ಪದರದ ಮೇಲೆ ಪದರ. ನೀರು ಪದರಗಳ ನಡುವೆ ನುಗ್ಗಿದರೆ ಮಣ್ಣು ಉಬ್ಬುತ್ತದೆ. ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಒಮ್ಮೆ ಏಪ್ರಿಲ್ ಬಿಸಿಲಲ್ಲಿ ಇಂಥ ಬಿರುಕಿಗೆ ಜೋಳದ ದಂಟು ಇಳಿಬಿಟ್ಟು ನೋಡಿದೆ. ಮೊಣಕೈ ಉದ್ದ ಹೋದರೂ ತಳ ಸಿಗಲಿಲ್ಲ. ಮೊದಲ ಜೋರು ಮಳೆ ಈ ಬಿರುಕುಗಳಲ್ಲೇ ಸೀದಾ ಆಳಕ್ಕೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಮೇಲೆ ಹೊಲದಲ್ಲಿ ಕಾಲಿಟ್ಟರೆ ಗತಿ ಏನು ಅಂತ ನನ್ನ ಎಡಗಾಲಿನ ಚಪ್ಪಲಿ ಹೇಳಬೇಕು. ಅದು ಇನ್ನೂ ಅಲ್ಲೇ ಇದೆ.

ಆದರೆ ಎರೆಮಣ್ಣು ಸ್ವಲ್ಪ ಜಿಪುಣ. ಹಿಡಿದ ನೀರನ್ನೆಲ್ಲ ಬೇರಿಗೆ ಕೊಡುವುದಿಲ್ಲ, ಒಂದಷ್ಟನ್ನು ಬಿಗಿಯಾಗಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಜೋಳದ ಬೇರು ಒಂದು ಮೀಟರಿಗೂ ಆಳಕ್ಕೆ ಹೋಗಿ ಸಿಕ್ಕಷ್ಟು ಹೀರುತ್ತದೆ. ಚಳಿಗಾಲದಲ್ಲಿ ಮೇಲಿನ ಮಣ್ಣು ಮತ್ತೆ ಸೀಳತೊಡಗಿದಾಗ ರೈತರು ಸಾಲುಗಳ ನಡುವೆ ಎಡೆ ಹೊಡೆಯುತ್ತಾರೆ. ಕಳೆ ತೆಗೆಯಲಷ್ಟೇ ಅಲ್ಲ, ಬಿರುಕು ಮುಚ್ಚಿ ಒಳಗಿನ ಹಸಿ ಆರದಂತೆ ಮಾಡಲೂ.

ಡೋಣಿ ಹೊಳೆಯ ಎರಡೂ ದಂಡೆಗೆ ಇಂಥ ಮಣ್ಣು ಆಳವಾಗಿ ಕೂತಿದೆ. ಹೊಳೆಯ ನೀರು ಉಪ್ಪುಪ್ಪು, ಕುಡಿಯಲಾಗದು. ಮಣ್ಣು ಮಾತ್ರ ಬಂಗಾರ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಅನ್ನುವುದು ಸುಮ್ನೆ ಅಲ್ಲ.

ಎಳ್ಳಮಾಸೆಗೆ (ಎಳ್ಳು ಅಮಾವಾಸ್ಯೆಗೆ) ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆಯ ಅಡುಗೆ ಎರಚಲು, ಹೊಲಕ್ಕೆ ಹೋದಾಗ ಒಂದು ಕೆಲಸ ಮಾಡಿ. ಊಟ ಮುಗಿದ ಮೇಲೆ ಜೋಳದ ಬುಡದ ಹತ್ತಿರ ಒಂದು ಗೇಣು ಅಗೆಯಿರಿ. ಮೇಲೆ ಪುಡಿಪುಡಿ ಧೂಳು. ಕೆಳಗಿನ ಹೆಂಟೆ ಹಿಸುಕಿದರೆ ಬೆರಳಿಗೆ ತಣ್ಣಗೆ ಅಂಟುತ್ತದೆ. ಅದು ಹಸ್ತ ಮಳೆಯ ನೀರು.