ಅಂಚಿಗೆ ಸರಿದ ತೂಕ

ಗಾಲ್ಫ್ ಐರನ್ (ಲೋಹದ ತಲೆಯ ಹೊಡೆಕೋಲು, ಅಂದರೆ ಒಂದು ಬಗೆಯ ಕ್ಲಬ್ಬು) ಕೊಳ್ಳಲು ಹೋದವರು ಮೊದಲು ಕೇಳುವುದು ಚೆಂಡು ಎಷ್ಟು ದೂರ ಹೋಗುತ್ತದೆ ಎಂದು. ಕೇಳಬೇಕಾದದ್ದು ಬೇರೆ: ಚೆಂಡು ಕ್ಲಬ್ಬಿನ ಮುಖದ ನಡುವಿಗೆ ತಾಗದೆ ಬೆರಳಗಲ ಆಚೆ ತಾಗಿದರೆ ಅದರ ತಲೆ ಎಷ್ಟು ತಿರುಚಿಕೊಳ್ಳುತ್ತದೆ?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಪ್ರಮುಖರು ಕಾರ್ಸ್ಟನ್ ಸೋಲ್‌ಹೈಮ್. ನಾರ್ವೆಯಲ್ಲಿ ಹುಟ್ಟಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅವರು ಗಾಲ್ಫ್ ಆಡತೊಡಗಿದಾಗ ವಯಸ್ಸು ನಲವತ್ತು ದಾಟಿತ್ತು. 1959ರಲ್ಲಿ ಅವರು ತಲೆಯ ತೂಕವನ್ನು ಎರಡು ತುದಿಗಳಿಗೆ ಸರಿಸಿದ ಪಟ್ಟರ್ (ಚೆಂಡನ್ನು ಕುಳಿಯತ್ತ ಉರುಳಿಸುವ ಕ್ಲಬ್ಬು) ಒಂದನ್ನು ತಯಾರಿಸಿದರು. ಚೆಂಡಿಗೆ ತಾಗಿದಾಗ ಅದು ಹೊರಡಿಸಿದ ‘ಪಿಂಗ್’ ಸದ್ದೇ ಕಂಪನಿಯ ಹೆಸರಾಯಿತು. ಮುಂದಿನ ದಶಕದಲ್ಲಿ ಅದೇ ತತ್ತ್ವವನ್ನು ಐರನ್‌ಗಳಿಗೂ ತಂದು, ಬೆನ್ನನ್ನು ಟೊಳ್ಳಾಗಿಸಿ, ಅಲ್ಲಿಂದ ತೆಗೆದ ಉಕ್ಕನ್ನು ಅಂಚುಗಳಿಗೆ ಹಂಚಿದರು.

ಹೆಗಲ ಮೇಲಿನ ಅಡ್ಡೆಯ ಎರಡೂ ತುದಿಗೆ ತುಂಬಿದ ಕೊಡ ಕಟ್ಟಿಕೊಂಡವನು ಥಟ್ಟನೆ ತಿರುಗಲಾರ. ಅವೇ ಕೊಡಗಳನ್ನು ಎದೆಗವಚಿಕೊಂಡರೆ ಸುಲಭವಾಗಿ ತಿರುಗಬಲ್ಲ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವರು ಉದ್ದನೆಯ ಗಳ ಹಿಡಿಯುವುದೂ ಇದೇ ಕಾರಣಕ್ಕೆ. ತೂಕ ನಡುವಿನಿಂದ ಎರಡರಷ್ಟು ದೂರ ಸರಿದರೆ ತಿರುಗುವಿಕೆಗೆ ಅದು ಒಡ್ಡುವ ಪ್ರತಿರೋಧ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ತೂಕ ನಡುವಿಗೇ ಹತ್ತಿರವಿರುವ ಹಳೆಯ ಮಾದರಿಯ ಬ್ಲೇಡ್ ಐರನ್ನು ಎಡವಟ್ಟು ಹೊಡೆತಕ್ಕೆ ಬೇಗ ತಿರುಚಿಕೊಳ್ಳುವುದು ಆದ್ದರಿಂದಲೇ. ಆದರೆ ಟೊಳ್ಳು ಬೆನ್ನು ಮನ್ನಿಸುವುದು ಚೆಂಡು ತಾಗಿದ ಜಾಗದ ತಪ್ಪನ್ನು ಮಾತ್ರ. ಮುಖವೇ ಬಲಕ್ಕೆ ತೆರೆದುಕೊಂಡು ಬಂದರೆ ಯಾವ ಬೆಲೆಯ ಐರನ್ನೂ ಚೆಂಡನ್ನು ನೇರಗೊಳಿಸದು.

ಅಂಗಡಿಯಲ್ಲಿ ಇನ್ನೊಂದು ಭ್ರಮೆಯೂ ಮಾರಾಟವಾಗುತ್ತದೆ. ಐರನ್ನಿನ ಮೇಲಿನ ಅಂಕಿಗೆ ನಿಯಮದ ಕಟ್ಟಿಲ್ಲ. ಹಿಂದೆ ಸುಮಾರು 35 ಡಿಗ್ರಿ ಲಾಫ್ಟ್ (ಮುಖ ಹಿಂದಕ್ಕೆ ಬಾಗಿದ ಕೋನ; ಅದು ಕಡಿಮೆಯಾದಷ್ಟೂ ಚೆಂಡು ತಗ್ಗಾಗಿ, ದೂರ ಹೋಗುತ್ತದೆ) ಇರುತ್ತಿದ್ದ 7 ಐರನ್ನು ಇಂದು ಕೆಲವು ಮಾದರಿಗಳಲ್ಲಿ 30ಕ್ಕಿಂತ ಕಡಿಮೆಗೆ ಇಳಿದಿದೆ. ‘ಹೊಸ ಐರನ್ನು ದೂರ ಹೊಡೆಯುತ್ತದೆ’ ಎಂಬ ಹಿಗ್ಗಿನಲ್ಲಿ ಈ ಅಂಕಿಬದಲಿನ ಪಾಲು ಸಣ್ಣದಲ್ಲ.

ಸ್ವಿಂಗಿನ, ಅಂದರೆ ಕ್ಲಬ್ಬು ಬೀಸುವ, ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಚೆಂಡನ್ನು ಕೆಳಗಿನಿಂದ ಗೋರಿ ಎತ್ತಬೇಕೆಂಬ ನಂಬಿಕೆ. ಎತ್ತುವ ಕೆಲಸ ಲಾಫ್ಟಿನದು, ಆಮೇಲೆ ಹಿಮ್ಮುಖ ತಿರುಗುವಿಕೆಯದು. ತಿರುಗುವ ಚೆಂಡನ್ನು ಗಾಳಿ ಮೇಲಕ್ಕೆತ್ತಿ ಹಿಡಿಯುತ್ತದೆ ಎಂಬುದನ್ನು ಎಡಿನ್‌ಬರೋದ ಭೌತವಿಜ್ಞಾನಿ ಪೀಟರ್ ಗಥ್ರೀ ಟೇಟ್ 1890ರ ದಶಕದಲ್ಲೇ ವಿವರಿಸಿದ್ದರು. (ಅವರ ಮಗ ಫ್ರೆಡ್ಡಿ ಬ್ರಿಟಿಷ್ ಅಮೆಚೂರ್ ಪ್ರಶಸ್ತಿಯನ್ನು ಎರಡು ಸಲ ಗೆದ್ದವನು.) ಚೆಂಡು ಮತ್ತು ಕ್ಲಬ್ಬು ಕೂಡಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಗಂಟೆಗೆ 126 ಕಿ.ಮೀ. ವೇಗದ ತಲೆ ಅಷ್ಟರಲ್ಲಿ ಸರಿಯುವುದು ಎರಡು ಸೆಂಟಿಮೀಟರಿಗೂ ಕಡಿಮೆ. ಹೊಡೆತದ ಅರಿವು ಕೈಗೆ ಮುಟ್ಟುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆಗ ಮಣಿಕಟ್ಟು ತಿರುಚಿ ನೆರವಾಗುವ ಮಾತೇ ಇಲ್ಲ. ಗೋರಲು ಹೋದವರ ಕ್ಲಬ್ಬು ಚೆಂಡಿಗಿಂತ ಮೊದಲು ನೆಲ ಕೆರೆಯುತ್ತದೆ, ಇಲ್ಲವೇ ಮೇಲೇರುತ್ತ ಚೆಂಡಿನ ನಡುವಿಗೆ ಬಡಿಯುತ್ತದೆ.

ಮರಳಿನ ಮೇಲೆ ಗೆರೆಯೆಳೆದು, ಚೆಂಡಿಲ್ಲದೆ ಬೀಸಿ ನೋಡಿ: ಮರಳು ಗೆರೆಯಿಂದ ಗುರಿಯ ಕಡೆಗೆ ಹಾರಬೇಕು, ಹಿಂದಿನಿಂದಲ್ಲ. ಅದು ಹತ್ತರಲ್ಲಿ ಏಳೆಂಟು ಸಲ ಸಾಧ್ಯವಾದ ಮೇಲೆ ಐರನ್ನಿನ ಮುಖಕ್ಕೆ ತೆಳುವಾಗಿ ಪೌಡರ್ ಹಚ್ಚಿ ಇಪ್ಪತ್ತು ಚೆಂಡು ಹೊಡೆಯಿರಿ. ಗುರುತುಗಳು ಮುಖದ ತುಂಬ ಚದುರಿದ್ದರೆ ಟೊಳ್ಳು ಬೆನ್ನಿನದನ್ನೇ ಕೊಳ್ಳಿ; ಒಂದು ರೂಪಾಯಿ ನಾಣ್ಯದಗಲದಲ್ಲಿ ಕೂಡಿದ್ದರೆ ಬ್ಲೇಡನ್ನೂ ಕೈಗೆತ್ತಿಕೊಂಡು ನೋಡಬಹುದು.